ದುಡ್ಡು ಕೊಟ್ಟು ಅಳುವ ದುರ್ಯೋಧನ

ಹಳ್ಳಿ ಬೇಗ ಮಲಗುತ್ತದೆ ಎಂದು ನಂಬಿಕೊಂಡು ಸುಗ್ಗಿ ಮುಗಿದ ಮೇಲೆ ಮರಳವಾಡಿ ಕಡೆಗೆ ನೆಂಟರ ಮನೆಗೆ ಹೋದವರು ಮೋಸ ಹೋಗುತ್ತಾರೆ. ಮುದ್ದೆ ಊಟವಾಗಿ, ಎಲೆಅಡಿಕೆಯಾಗಿ, ಜಗಲಿಯ ಮೇಲೆ ಚಾಪೆ ಬಿಡಿಸಿ ಇನ್ನೇನು ಕಣ್ಣು ಹತ್ತಬೇಕು, ಅಷ್ಟರಲ್ಲಿ ಗುಡಿ ಪಕ್ಕದ ಕೊಠಡಿಯಲ್ಲಿ ಹಾರ್ಮೋನಿಯಂ ಎದ್ದು ಕೂರುತ್ತದೆ. ಹಿಂದೆಯೇ ಒಂದು ಗಂಡು ಕಂಠ ಸುತ್ತಲಿನ ಹಿಪ್ಪುನೇರಳೆ ತೋಟವನ್ನೆಲ್ಲ ಹಸ್ತಿನಾವತಿ ಎಂದೇ ತಿಳಿದು ಭೀಮನನ್ನು ಬೈಯಲು ಶುರು ಮಾಡುತ್ತದೆ. ಅದೇ ಪದ್ಯ, ಅದೇ ಜಾಗದಲ್ಲಿ ತಪ್ಪು. ಮೇಷ್ಟ್ರು ತಡೆಯುತ್ತಾರೆ. ಮತ್ತೆ ಮೊದಲಿಂದ.

"ಏನತ್ತೆ ಇದು ಗಲಾಟೆ?" ಎಂದು ನೆಂಟ ಕೇಳಿದರೆ ಒಳಗಿಂದ ಉತ್ತರ ಬರುತ್ತದೆ.

"ನಾಟ್ಕದ ಪ್ರಾಕ್ಟೀಸು ಕಣಪ್ಪ. ನಿಮ್ಮಾವನೂ ಅಲ್ಲೇ ಅವ್ರೆ."

"ಮಾವಂದು ಯಾವ ಪಾರ್ಟು?"

"ಕೇಳ್ಬ್ಯಾಡ ಬುಡು. ದುರ್ಯೋಧನ."

ಈ ಉತ್ತರದಲ್ಲಿ ಅರ್ಧ ಸಿಟ್ಟಿರುತ್ತದೆ, ಅರ್ಧ ಜಂಬ. ಸಿಟ್ಟಿಗೆ ಕಾರಣ ದುಡ್ಡು. ಜಂಬಕ್ಕೆ ಕಾರಣವೂ ಅದೇ.

ಮರಳವಾಡಿ ಹಿಂದೆ ಕನಕಪುರ ತಾಲ್ಲೂಕಿನ ಹೋಬಳಿ, ಈಗ ಹಾರೋಹಳ್ಳಿ ತಾಲ್ಲೂಕಿಗೆ ಸೇರಿದೆ. ಒಂದು ಕಡೆ ಬನ್ನೇರುಘಟ್ಟದ ಕಾಡು, ಇನ್ನೊಂದು ಕಡೆ ದಿನದಿನಕ್ಕೂ ಹತ್ತಿರ ಬರುತ್ತಿರುವ ಬೆಂಗಳೂರು. ನಡುವೆ ರಾಗಿ, ರೇಷ್ಮೆ, ಹಾಲಿನ ಡೇರಿ. ರಾಮನಗರ, ಮಂಡ್ಯ, ತುಮಕೂರು ಸೀಮೆಯ ಹಳ್ಳಿಗಳಂತೆ ಇಲ್ಲಿಯೂ ಪೌರಾಣಿಕ ನಾಟಕದ ಹುಚ್ಚು ಹಳೆಯದು. ನಾಟಕ ಎಂದರೆ ಹತ್ತಕ್ಕೆ ಎಂಟು ಸಲ 'ಕುರುಕ್ಷೇತ್ರ'. ಈ ಹುಚ್ಚಿನ ಒಂದು ನಿಯಮವನ್ನು ಹೊರಗಿನವರಿಗೆ ಎಷ್ಟು ಬಿಡಿಸಿ ಹೇಳಿದರೂ ಅವರು ಇನ್ನೊಮ್ಮೆ ಕೇಳುತ್ತಾರೆ: ಇಲ್ಲಿ ನಟನಿಗೆ ಯಾರೂ ಸಂಬಳ ಕೊಡುವುದಿಲ್ಲ, ನಟನೇ ದುಡ್ಡು ಕೊಟ್ಟು ಪಾರ್ಟು ತೆಗೆದುಕೊಳ್ಳುತ್ತಾನೆ. ಕೃಷ್ಣನಿಗೆ, ದುರ್ಯೋಧನನಿಗೆ ಹೆಚ್ಚು. ಭೀಮ, ಕರ್ಣ, ಅರ್ಜುನ, ಶಕುನಿಗೆ ಅದಕ್ಕಿಂತ ಕೊಂಚ ಕಡಿಮೆ. ನಕುಲ ಸಹದೇವರು ಅಗ್ಗ. ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಸೀನರಿ ಬಾಡಿಗೆ, ಡ್ರೆಸ್ಸು, ಲೈಟು, ಮೈಕು, ಸ್ತ್ರೀಪಾತ್ರದವರ ಖರ್ಚು ಎಲ್ಲವೂ ಈ ವಂತಿಗೆಯಲ್ಲೇ ಹೊರಡಬೇಕು. ಪಟ್ಟಣದಲ್ಲಿ ಮನಸ್ಸು ಹಗುರ ಮಾಡಿಕೊಳ್ಳಲು ಗಂಟೆಗಿಷ್ಟು ಎಂದು ಫೀಸು ಕೊಡುವವರು ಇದನ್ನು ಕೇಳಿ ನಗುವ ಹಾಗಿಲ್ಲ.

ದುಡ್ಡು ಕೊಟ್ಟವನಿಗೆ ಸಿಗುವುದೇನು? ರಾತ್ರಿ ಮೂರು ಗಂಟೆಗೆ ಸಾವಿರ ಜನರ ಮುಂದೆ ಗಟ್ಟಿಯಾಗಿ ಅಳುವ ಅವಕಾಶ.

ಇದನ್ನು ತಮಾಷೆಗೆ ಹೇಳಿದ್ದಲ್ಲ. ಈ ಸೀಮೆಯ ಗಂಡಸು ಅಳಲು ಎಷ್ಟು ಜಾಗಗಳಿವೆ ಎಂದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಅಪ್ಪ ಸತ್ತಾಗ ಅಳಬಹುದು, ಅದೂ ಮಣ್ಣು ಮಾಡುವ ತನಕ. ಮಗಳನ್ನು ಕಳಿಸಿಕೊಡುವಾಗ ಟವೆಲ್ಲಿನಿಂದ ಮೂಗು ಒರೆಸಿಕೊಳ್ಳಬಹುದು. ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆ ಗೂಡಿನ ರೇಟು ಬಿದ್ದ ದಿನ ಅಳುವಂತಿಲ್ಲ. ಬೋರ್‌ವೆಲ್ ಒಣಗಿದಾಗ, ಅಣ್ಣ ತಮ್ಮ ಕೋರ್ಟು ಹತ್ತಿದಾಗ, ಓದಿದ ಮಗ ಫೋನು ಎತ್ತದಿದ್ದಾಗ ಬೀಡಿ ಸೇದಬಹುದು, ಅಷ್ಟೇ. ಅಂಥ ಮಾವ ಊರಿಗೊಬ್ಬ ಇರುತ್ತಾನೆ. ಮನೆಯಲ್ಲಿ ಹೂಂ, ಉಹೂಂ ಬಿಟ್ಟರೆ ಮೂರನೆಯ ಮಾತಿಲ್ಲ. ಆದರೆ ಬಣ್ಣ ಹಚ್ಚಿ, ಕಿರೀಟ ಇಟ್ಟು, ಭುಜಕೀರ್ತಿ ಕಟ್ಟಿದರೆ ಆತ ದುಶ್ಶಾಸನನ ಹೆಣದ ಮೇಲೆ ಬಿದ್ದು ತಮ್ಮಾ ತಮ್ಮಾ ಎಂದು ಗೋಳಿಡುತ್ತಾನೆ. ನಿಜವಾದ ತಮ್ಮ ಮುಂದಿನ ಸಾಲಿನಲ್ಲೇ ಕೂತಿರುತ್ತಾನೆ. ಬದುವಿನ ಜಗಳದಲ್ಲಿ ಇಬ್ಬರಿಗೂ ಮಾತು ನಿಂತು ವರ್ಷಗಳಾಗಿರುತ್ತವೆ. ನಾಟಕ ಮುಗಿದ ಮೇಲೆ ಅವರು ಮಾತಾಡುತ್ತಾರೆಯೇ? ಎಲ್ಲ ಸಲವೂ ಇಲ್ಲ. ಕುರುಕ್ಷೇತ್ರ ನೋಡಿ ಆಸ್ತಿ ಬಿಟ್ಟುಕೊಟ್ಟವರು ಕಡಿಮೆ.

ಪ್ರಾಕ್ಟೀಸಿನ ವೇಳಾಪಟ್ಟಿ ಮೇಷ್ಟ್ರ ಕೈಯಲ್ಲಿದೆ ಎಂದುಕೊಂಡರೆ ಅದೂ ಸರಿಯಲ್ಲ. ಅದು ರೇಷ್ಮೆ ಹುಳುವಿನ ಕೈಯಲ್ಲಿರುತ್ತದೆ. ಹುಳು ಬೆಳೆಯುವ ಮೂರೂವರೆ ನಾಲ್ಕು ವಾರಗಳಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ತಲೆ ಎತ್ತಿಕೊಂಡು ಸುಮ್ಮನಿರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಹುಳ ಜ್ವರಕ್ಕೆ ಕೂತವೆ ಎನ್ನುತ್ತಾರೆ. ಹುಳುವಿಗೆ ಜ್ವರ ಎಂದರೆ ಮನೆಯವರಿಗೆ ಬಿಡುವು, ಬಿಡುವು ಎಂದರೆ ನಾಟಕ. ನಾಲ್ಕನೇ ಜ್ವರ ಎದ್ದ ಮೇಲೆ ಮಾತ್ರ ಯಾವ ಕೌರವನಿಗೂ ರಜೆಯಿಲ್ಲ. ಒಂದು ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ಮುಕ್ಕಾಲಿಗೂ ಹೆಚ್ಚನ್ನು ಹುಳು ಈ ಕೊನೆಯ ವಾರದಲ್ಲೇ ತಿಂದು ಮುಗಿಸುತ್ತದೆ. ಹಗಲು ರಾತ್ರಿ ಸೊಪ್ಪು ಕೊಯ್ಯಬೇಕು, ಹಾಕಬೇಕು. ಹುಳು ಮೇಯುವ ಸದ್ದು ತಟ್ಟೆತಟ್ಟೆಯಿಂದ ಎದ್ದು ಸೋನೆಮಳೆಯಂತೆ ಮನೆ ತುಂಬುತ್ತದೆ. ದುರ್ಯೋಧನ ಆ ಸದ್ದಿನ ನಡುವೆ ಸೊಪ್ಪು ಹರಡುತ್ತ ತನ್ನ ಕಂದಪದ್ಯ ಗುನುಗುತ್ತಾನೆ. ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ಮಾರಿದ ಮೇಲೆಯೇ ಪಾರ್ಟಿನ ಬಾಕಿ ದುಡ್ಡು ಮೇಷ್ಟ್ರಿಗೆ ತಲುಪುವುದು.

ಕಾಡಂಚಿನವರಿಗೆ ಇನ್ನೊಂದು ತಾಲೀಮು ಕೊಠಡಿಯೂ ಇದೆ. ರಾಗಿ ತೆನೆ ಬಲಿಯುವ ಕಾಲಕ್ಕೆ ಆನೆ ಇಳಿಯುತ್ತದೆ, ಹೊಲ ಕಾಯಲು ಅಟ್ಟಣೆ ಏರಬೇಕು. ಒಂಟಿ ರಾತ್ರಿ, ಕೊರೆಯುವ ಚಳಿ. ಹಿಂದಿನ ವರ್ಷದ ಮಾತು ಪದ್ಯಗಳನ್ನು ಒಂದು ತುದಿಯಿಂದ ಹೇಳಿಕೊಂಡು ಬಂದರೆ ನಿದ್ದೆ ಹತ್ತಿರ ಸುಳಿಯುವುದಿಲ್ಲ. ಆನೆ ಸುಳಿಯುತ್ತದೆಯೇ ಎಂಬುದು ಬೇರೆ ಪ್ರಶ್ನೆ; ಪದ್ಯಕ್ಕೆ ಹೆದರಿ ಆನೆ ವಾಪಸು ಹೋಯಿತು ಎನ್ನುವವರನ್ನೂ, ಪದ್ಯ ಕೇಳಲೆಂದೇ ನಿಂತಿತ್ತು ಎನ್ನುವವರನ್ನೂ ಒಂದೇ ಊರಿನಲ್ಲಿ ಕಾಣಬಹುದು.

ಈ ಹುಚ್ಚು ಹಳ್ಳಿಗೆ ಹತ್ತಿದ್ದು ಕಂಪನಿ ನಾಟಕಗಳಿಂದ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ, ಗುಬ್ಬಿ ವೀರಣ್ಣನವರ ಕಾಲಕ್ಕೆ ಬಂದಾಗ, 1934ರಲ್ಲಿ 'ಕುರುಕ್ಷೇತ್ರ'ವನ್ನು ಆನೆ, ಕುದುರೆ, ರಥಗಳ ಸಮೇತ ರಂಗಕ್ಕೆ ತಂದಿತು. ಅಂಥದ್ದನ್ನು ನೋಡಿ ಬಂದವರಿಗೆ ಊರಲ್ಲಿ ಸುಮ್ಮನೆ ಕೂರಲು ಹೇಗಾದೀತು? ಕಂಪನಿಗಳು ಒಂದೊಂದಾಗಿ ಮುಚ್ಚಿದವು. ಅವುಗಳ ಮಟ್ಟು, ಪರದೆ, ಗತ್ತು ಹಳ್ಳಿ ಸೇರಿ ಉಳಿದುಕೊಂಡವು. ಆನೆ ಮಾತ್ರ ಬರಲಿಲ್ಲ; ಅದು ಹೇಗಿದ್ದರೂ ರಾಗಿ ಹೊಲಕ್ಕೆ ಬರುತ್ತಿತ್ತು.

ಕಂಪನಿಗಿಂತ ಹಿಂದೆ ಮೂಡಲಪಾಯ ಯಕ್ಷಗಾನದ ಆಟಗಳಿದ್ದವು. ಅದಕ್ಕೂ ಹಿಂದಕ್ಕೆ ಹೋದರೆ ಪಕ್ಕದ ಮಾಗಡಿಯನ್ನು ಆಳಿದ ಕೆಂಪೇಗೌಡರ ಹೆಸರಿನಲ್ಲೇ 'ಗಂಗಾಗೌರೀ ವಿಲಾಸ' ಎಂಬ ತೆಲುಗು ಯಕ್ಷಗಾನ ಕೃತಿಯೊಂದಿದೆ. ಕೋಟೆ, ಕೆರೆ, ಪೇಟೆ ಎಲ್ಲ ಕಟ್ಟಿದ ಮನೆತನಕ್ಕೂ ಗಂಗೆ ಗೌರಿಯರ ಸವತಿ ಜಗಳ ಬೇಕಾಗಿತ್ತು. ಇನ್ನು ರಾಮನಗರದ ಬಂಡೆಗಳ ನಡುವೆ ರಾಮಗಢವೆಂಬ ಇಡೀ ಹಳ್ಳಿಯನ್ನೇ ಕಟ್ಟಿ 'ಶೋಲೆ' ತೆಗೆದ ಕತೆ ಎಲ್ಲರಿಗೂ ಗೊತ್ತು. 1975ರ ಆಗಸ್ಟ್ 15ಕ್ಕೆ ಸಿನಿಮಾ ತೆರೆಗೆ ಬಂತು, ಸೆಟ್ಟು ಹೋಯಿತು, 'ಶೋಲೆ'ಯ ಹೆಸರು ಬೆಟ್ಟಕ್ಕೆ ಅಂಟಿಕೊಂಡಿತು. ಅಲ್ಲಿ ಊರವರಿಗೆ ಸಿಕ್ಕಿದ್ದು ಗುಂಪಿನಲ್ಲಿ ನಿಲ್ಲುವ ಕೆಲಸ, ಅದಕ್ಕೆ ಕೂಲಿ. ಕೂಲಿ ಸಿಕ್ಕ ನಾಟಕವನ್ನು ಮರೆತು ಕೂಲಿ ಕೊಡಬೇಕಾದ ನಾಟಕವನ್ನು ಇವರು ಇಟ್ಟುಕೊಂಡರು.

ಈ ಕೂಲಿಯ ವಿಷಯ ಸಣ್ಣದಲ್ಲ. ಕಲೆ ಮನಸ್ಸಿಗೆ ಮದ್ದು ಎಂದು ಸಲೀಸಾಗಿ ಹೇಳುವವರು ಚನ್ನಪಟ್ಟಣದ ಬೊಂಬೆ ಮಾಡುವವರ ಪಕ್ಕ ಒಂದು ಮಧ್ಯಾಹ್ನ ಕೂತು ಬರಬೇಕು. ಹಾಲೆಮರದ ತುಂಡು ಲೇತಿನಲ್ಲಿ ಗಿರ್ರನೆ ತಿರುಗುತ್ತದೆ, ಅರಗಿನ ಕಡ್ಡಿ ತಾಗಿಸಿದ ಬಿಸಿಗೆ ಬಣ್ಣ ಕರಗಿ ಮರಕ್ಕೆ ಕೂರುತ್ತದೆ, ತಾಳೆಗರಿ ಒತ್ತಿದರೆ ಹೊಳಪು. ನೋಡುವವರಿಗೆ ಕಣ್ಣಿಗೆ ಹಬ್ಬ. ಮಾಡುವವರಿಗೆ ಅದು ಸೊಂಟ ನೋವು, ಮೂಗಿಗೆ ಮರದ ಹುಡಿ, ಪೀಸಿಗಿಷ್ಟು ಎಂಬ ಲೆಕ್ಕ. ಅವರ ಕೈಚಳಕಕ್ಕೆ ಸಮನಿಲ್ಲ, ಆದರೆ ಅದು ದುಡಿಮೆ. ಒಂದೇ ಗಿಲಕಿಯನ್ನು ದಿನವಿಡೀ ಕಡೆದವರಿಗೆ ಇದರಿಂದ ನಿಮ್ಮ ಮನಸ್ಸು ಹಗುರವಾಯಿತೇ ಎಂದು ಕೇಳುವುದು ಅಸಭ್ಯತೆ.

'ಕುರುಕ್ಷೇತ್ರ'ದ ದ್ರೌಪದಿಯದೂ ಅದೇ ಕತೆ. ಸ್ತ್ರೀಪಾತ್ರಗಳಿಗೆ ಹೊರಗಿನಿಂದ ಕಲಾವಿದೆಯರನ್ನು ಕರೆಸುವುದು ರೂಢಿ. ಆಕೆ ನಿನ್ನೆ ಇನ್ನೊಂದು ಊರಲ್ಲಿ ಸೀರೆ ಸೆಳೆಸಿಕೊಂಡಿರುತ್ತಾಳೆ, ನಾಳೆ ಮತ್ತೊಂದು ಊರಲ್ಲಿ ಮುಡಿ ಬಿಚ್ಚಬೇಕು. ಮಾತು ಪದ್ಯವೆಲ್ಲ ನಾಲಿಗೆಯ ತುದಿಯಲ್ಲಿರುತ್ತವೆ. ತಡವರಿಸುವ ದುಶ್ಶಾಸನನಿಗೆ ಮೆಲ್ಲಗೆ ಮಾತು ಎತ್ತಿಕೊಡುವವಳೂ ಅವಳೇ. ರಂಗದ ಮೇಲೆ ದುಡ್ಡು ಪಡೆದು ಅಳುವವಳು ಆಕೆ, ದುಡ್ಡು ಕೊಟ್ಟು ಅಳುವವನು ದುರ್ಯೋಧನ. ಚೆನ್ನಾಗಿ ಅಳುವವರು ಯಾರು ಎಂದರೆ ದ್ರೌಪದಿಯೇ. ಅತ್ತು ಹಗುರಾಗುವವರು ಯಾರು ಎಂದರೆ ಉತ್ತರ ಬೇರೆ.

ಹಾಗಾದರೆ ಊರಿನ ಹೆಂಗಸರಿಗೆ ಏನಿತ್ತು? ರಾಗಿಕಲ್ಲಿತ್ತು. ಕೋಳಿ ಕೂಗುವ ಮುಂಚೆ ಎದ್ದು ಬೀಸುತ್ತ ಕೂತರೆ ಅತ್ತೆಯ ಕಾಟ, ತವರಿನ ದಾರಿ, ಮಕ್ಕಳಿಲ್ಲದ ಸಂಕಟ ಎಲ್ಲವನ್ನೂ ಪದ ಮಾಡಿ ಕಲ್ಲಿಗೆ ಹೇಳಬಹುದಿತ್ತು. ಕಲ್ಲು ಬಾಯಿಬಿಡುವುದಿಲ್ಲ. ಅತ್ತೆ ಕೇಳಿಸಿಕೊಂಡರೂ ಪದ ತಾನೇ ಎಂದು ಸುಮ್ಮನಿರಬೇಕು. ಆಕೆಯೂ ಸೊಸೆಯಾಗಿದ್ದಾಗ ಅದನ್ನೇ ಹಾಡಿದವಳು. ಫ್ಲೋರ್ ಮಿಲ್ ಬಂದ ಮೇಲೆ ಕೈಗೆ ಸುಖವಾಯಿತು, ಪದ ಹೋಯಿತು. ಪದಕ್ಕಾಗಿ ಬೀಸುವ ಕಲ್ಲು ವಾಪಸು ಬರಲಿ ಎಂದು ಯಾವ ಹೆಂಗಸೂ ಹೇಳಿದ್ದಿಲ್ಲ. ಹಾಗೆ ಹೇಳುವವರೆಲ್ಲ ಒಂದು ಸೇರು ರಾಗಿಯನ್ನೂ ಬೀಸದ ಗಂಡಸರು.

ಅಂಥ ಪದಗಳನ್ನು ಕೂತು ಕೇಳಿ ಬರೆದುಕೊಂಡ ಒಬ್ಬ ಗಂಡಸು ಮಾತ್ರ ಈ ಸೀಮೆಗೆ ದೊಡ್ಡ ಉಪಕಾರ ಮಾಡಿದರು. ನಾಗಮಂಗಲ ತಾಲ್ಲೂಕಿನ ಎಚ್. ಎಲ್. ನಾಗೇಗೌಡರು ಸರ್ಕಾರದ ಹಿರಿಯ ಅಧಿಕಾರಿಯಾಗಿದ್ದವರು. ಫೈಲು ನೋಡಬೇಕಾದ ಕಣ್ಣು ಸದಾ ಹಾಡುವವರ ಕಡೆಗೆ. 'ಸೋಬಾನೆ ಚಿಕ್ಕಮ್ಮನ ಪದಗಳು' ಅವರ ಸಂಗ್ರಹ. ಹಾಡಿದಾಕೆಯ ಹೆಸರನ್ನೇ ಪುಸ್ತಕಕ್ಕೆ ಇಟ್ಟರು. 1979ರಲ್ಲಿ ಜಾನಪದ ಪರಿಷತ್ತು ಕಟ್ಟಿ, 1994ರಲ್ಲಿ ರಾಮನಗರದ ಬಳಿ ಮೈಸೂರು ರಸ್ತೆಯ ಬದಿಯಲ್ಲೇ 15 ಎಕರೆಯಲ್ಲಿ ಜಾನಪದ ಲೋಕ ತೆರೆದರು. ಅಲ್ಲಿನ ಲೋಕಮಾತಾ ಮಂದಿರದಲ್ಲಿ ಬೀಸುವ ಕಲ್ಲು, ಒನಕೆ, ಒರಳು, ಮಡಕೆಗಳಿವೆ. ಶಾಲೆಯ ಪ್ರವಾಸದ ಮಕ್ಕಳು ಅವುಗಳ ಮುಂದೆ ಸೆಲ್ಫಿ ತೆಗೆದುಕೊಂಡು ಓಡುತ್ತಾರೆ. ಜೊತೆಗೆ ಬಂದ ಅಜ್ಜಿಯರು ಓಡುವುದಿಲ್ಲ.

ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಲ್ಲಿ ಇನ್ನೊಬ್ಬಾಕೆ ಪದಕ್ಕೆ ಬದಲು ಮರ ನೆಟ್ಟರು. ಮಕ್ಕಳಿಲ್ಲದ ಕೊರಗಿಗೆ ಸಾಲುಮರದ ತಿಮ್ಮಕ್ಕ ಗಂಡನ ಜೊತೆಗೂಡಿ ಕುದೂರಿನ ರಸ್ತೆಯುದ್ದಕ್ಕೂ ಆಲದ ಸಸಿ ಊರಿ, ಕೊಡದಲ್ಲಿ ನೀರು ಹೊತ್ತು ಬೆಳೆಸಿದರು. 2019ರಲ್ಲಿ ಪದ್ಮಶ್ರೀ ಬಂತು, 2025ರ ನವೆಂಬರಿನಲ್ಲಿ ತೀರಿಕೊಂಡರು. ಇದು ಕಲೆಯೇ ಎಂದು ಪಂಡಿತರು ತಕರಾರು ತೆಗೆಯಬಹುದು. ಆ ರಸ್ತೆಯಲ್ಲಿ ಒಮ್ಮೆ ಹೋದವರು ತೆಗೆಯುವುದಿಲ್ಲ.

ಹೆಂಗಸರು ಗದೆ ಎತ್ತಲೇ ಇಲ್ಲ ಎಂದಲ್ಲ. ಮೈಸೂರಿನ ಆರ್. ನಾಗರತ್ನಮ್ಮ 1958ರಲ್ಲಿ ಬರೀ ಹೆಂಗಸರದ್ದೇ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಕಂಸನೂ ಅವರೇ, ಭೀಮನೂ ಅವರೇ. 2012ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಈಗೀಗ ಹೆಂಗಸರೇ ಸೇರಿ 'ಕುರುಕ್ಷೇತ್ರ' ಆಡುವ ತಂಡಗಳು ಅಲ್ಲಲ್ಲಿ ಹುಟ್ಟಿವೆ. ಅವರ ಭೀಮನಿಗೆ ಕೋಪ ಬಂದರೆ ನಟನೆ ಎಂದು ತಿಳಿಯಬಾರದು, ಎಷ್ಟೋ ತಲೆಮಾರಿನ ಬಾಕಿ ಇರುತ್ತದೆ.

ಪಾತ್ರ ಹಾಕಿ ಮನಸ್ಸು ತೊಳೆದುಕೊಳ್ಳುವುದನ್ನು ವೈದ್ಯರೂ ಕಂಡುಕೊಂಡರು. ಜೇಕಬ್ ಮೊರೆನೊ ಎಂಬ ಮನೋವೈದ್ಯರು 1936ರಲ್ಲಿ ನ್ಯೂಯಾರ್ಕ್ ರಾಜ್ಯದ ಬೀಕನ್ ಊರಿನಲ್ಲಿ ಆಸ್ಪತ್ರೆ ತೆರೆದು, ರೋಗಿಗಳಿಗೆಂದೇ ರಂಗಮಂಚ ಕಟ್ಟಿಸಿದರು. ಬಾಯಲ್ಲಿ ಹೇಳಲಾಗದ್ದನ್ನು ಆಡಿ ತೋರಿಸು ಎನ್ನುವುದು ಅವರ ಚಿಕಿತ್ಸೆ. ಸೈಕೋಡ್ರಾಮಾ ಎಂದು ಹೆಸರಾಯಿತು. ಗುಬ್ಬಿ ಕಂಪನಿಯ ಆನೆ ರಂಗಕ್ಕೆ ಬಂದದ್ದಕ್ಕೂ ಇದಕ್ಕೂ ಎರಡೇ ವರ್ಷದ ಅಂತರ. ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿದಿರುವ ಸಂಭವವಿಲ್ಲ.

ನಮ್ಮಲ್ಲೇ ರಂಗಾಯಣ ನಾಟಕ ಸಂಸ್ಥೆಯ ಹುಲುಗಪ್ಪ ಕಟ್ಟೀಮನಿಯವರು ಬಳ್ಳಾರಿ, ಮೈಸೂರು ಜೈಲುಗಳ ಕೈದಿಗಳಿಂದ ನಾಟಕ ಆಡಿಸಿದರು. ಅದರಲ್ಲಿ ಒಂದು ಎಚ್. ಎಸ್. ಶಿವಪ್ರಕಾಶರ 'ಮಾರನಾಯಕ', ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕದ ಕನ್ನಡ ರೂಪ. ಕೊಲೆ ಮಾಡಿ ಕೈಯ ರಕ್ತ ತೊಳೆಯಲಾಗದೆ ಒದ್ದಾಡುವವರ ಕತೆಯನ್ನು ಜೀವಾವಧಿ ಶಿಕ್ಷೆಯವರು ಆಡುವುದೆಂದರೆ ಏನೆಂದು ಪ್ರೇಕ್ಷಕರಿಗೆ ವಿವರಿಸಬೇಕಾಗಿರಲಿಲ್ಲ.

ದುರ್ಯೋಧನನ ಮೇಲೆ ಕನ್ನಡದವರಿಗೆ ಇಷ್ಟು ಮಮತೆ ಏಕೆ ಎನ್ನುವುದಕ್ಕೆ ಸಾವಿರ ವರ್ಷದ ಹಿಂದಿನ ಒಂದು ಕಾರಣವೂ ಇದೆ. ಮುಧೋಳದ ಕವಿ ರನ್ನ ತನ್ನ 'ಗದಾಯುದ್ಧ'ದಲ್ಲಿ ಭೀಮನನ್ನು ನಾಯಕನೆಂದು ಕೂರಿಸಿದ. ಆದರೆ ಹೆಣಗಳ ನಡುವೆ ದಾರಿ ಮಾಡಿಕೊಂಡು, ದ್ರೋಣ, ದುಶ್ಶಾಸನ, ಕರ್ಣ ಎಂದು ಒಬ್ಬೊಬ್ಬರ ಮುಂದೆ ನಿಂತು, ಶತ್ರುವಿನ ಮಗ ಅಭಿಮನ್ಯುವಿಗೂ ಕೈಮುಗಿದು ಅಳುವ ಕೆಲಸವನ್ನು ದುರ್ಯೋಧನನಿಗೆ ಕೊಟ್ಟುಬಿಟ್ಟ. ಓದುಗರು ಯಾರ ಕಡೆ ವಾಲಿದರು ಎಂದು ಬೇರೆ ಹೇಳಬೇಕಿಲ್ಲ. ಬಿ. ಎಂ. ಶ್ರೀಯವರು 1926ರಲ್ಲಿ ಅದನ್ನು ನಾಟಕ ಮಾಡಿದರು. ಮರಳವಾಡಿಯ ಮಾವ ರನ್ನನನ್ನು ಓದಿರಲಿಕ್ಕಿಲ್ಲ. ಹೆಚ್ಚು ದುಡ್ಡಿನ ಪಾರ್ಟು ಯಾವುದೆಂದು ಮಾತ್ರ ಆತನಿಗೆ ಸರಿಯಾಗಿ ಗೊತ್ತು.

ಈ ಬರಹಗಾರನಿಗೂ ಒಂದು ಕಾಲದಲ್ಲಿ ಪಾರ್ಟು ಸಿಕ್ಕಿತ್ತು: ದ್ವಾರಪಾಲಕ. "ಅಪ್ಪಣೆ, ಪ್ರಭು" ಎಂಬುದು ಒಟ್ಟು ಮಾತು. ಅಷ್ಟಕ್ಕೇ ಮನೆಯವರು ಇಂದಿಗೂ ನಗುವುದನ್ನು ನೋಡಿದರೆ ಹೆಚ್ಚಿನ ಮಾತು ಕೊಡದ ಮೇಷ್ಟ್ರು ದೊಡ್ಡ ಜ್ಞಾನಿಯೇ ಇರಬೇಕು. ಆದರೂ ಬಣ್ಣದ ವಾಸನೆ, ಪರದೆಯ ಹಿಂದಿನ ಬೆವರು, ಮೀಸೆಯ ಗೋಂದು ಎಳೆಯುವ ತುಟಿ ಮರೆಯುವಂಥದ್ದಲ್ಲ. ಹದಿನೈದು ನಿಮಿಷ ಬೇರೆ ಯಾರೋ ಆಗಿದ್ದವನಿಗೆ ತನ್ನ ಸ್ವಂತ ಕಷ್ಟ ಕೊಂಚ ದೂರದ ನೆಂಟನ ಕಷ್ಟದ ಹಾಗೆ ಕಾಣುತ್ತದೆ, ಇದು ದ್ವಾರಪಾಲಕನ ಮಟ್ಟದಲ್ಲೂ ನಿಜ.

ಹಾಗೆಂದು ಎಲ್ಲವೂ ಮದ್ದೇ ಅಲ್ಲ. ಪಾರ್ಟಿನ ಹುಚ್ಚಿಗೆ ಬಡ್ಡಿ ಸಾಲ ಮಾಡಿದವರಿದ್ದಾರೆ. ಕೃಷ್ಣನ ಪಾರ್ಟು ತನಗೆ ಸಿಗಲಿಲ್ಲವೆಂದು ಊರನ್ನೇ ಎರಡು ಪಾರ್ಟಿ ಮಾಡಿದವರಿದ್ದಾರೆ. ಬೆಳಗಾದ ಮೇಲೆ ಬಣ್ಣ ಒರೆಸಿಕೊಂಡ ದುರ್ಯೋಧನ ಸೀದಾ ಹಾಲು ಕರೆಯಲು ಹೋಗಬೇಕು, ಡೇರಿಯವರು ಕಾಯುವುದಿಲ್ಲ. ಮನೆಯಲ್ಲಿ ಅದೇ ಹೂಂ, ಅದೇ ಉಹೂಂ. ಆದರೆ ಆ ವಾರ ಟೀ ಅಂಗಡಿಯಲ್ಲಿ ಜನ ಅವನಿಗೆ "ಏನ್ ಅತ್ಬುಟ್ರಿ ಗೌಡ್ರೇ!" ಎನ್ನುತ್ತಾರೆ. ಅಳುವನ್ನು ಹೊಗಳಿಸಿಕೊಂಡ ಗಂಡಸನ್ನು ಬೇರೆಲ್ಲಿ ನೋಡಿದ್ದೀರಿ?

ಪಾರ್ಟು ಹಾಕುವವರಿಗಿರುವ ದೊಡ್ಡ ಶತ್ರು ಭೀಮನಲ್ಲ, ಹಾರ ಹಾಕುವ ಅಭಿಮಾನಿ. ದುರ್ಯೋಧನ ತಮ್ಮನ ಹೆಣ ಕಂಡು ಮಂಡಿಯೂರಿ ದನಿ ತೆಗೆಯುವ ಹೊತ್ತಿಗೆ ಸರಿಯಾಗಿ ಭಾವಮೈದನೊಬ್ಬ ನೋಟಿನ ಹಾರ ಹಿಡಿದು ರಂಗ ಹತ್ತುತ್ತಾನೆ. ಮೈಕಿನಲ್ಲಿ ಕೊಟ್ಟವರ ಹೆಸರು, ಊರು, ಹುದ್ದೆ ಓದಲಾಗುತ್ತದೆ. ಹೆಣವೂ ಎದ್ದು ಕೂತು ಬೆವರು ಒರೆಸಿಕೊಳ್ಳುತ್ತದೆ. ಫೋಟೊ ಮುಗಿದ ಮೇಲೆ ಅಳುವನ್ನು ಮತ್ತೆ ಮೊದಲಿಂದ ಎತ್ತಿಕೊಳ್ಳಬೇಕು.

ಮುಂದಿನ ಸುಗ್ಗಿ ಮುಗಿದ ಮೇಲೆ ಪಾತ್ರಧಾರಿಗಳ ಫೋಟೊ ತುಂಬಿದ ಕರಪತ್ರವೊಂದು ಕೈಗೆ ಬಂದರೆ ಹೋಗಿ ಬನ್ನಿ. ಪಾಂಡವರ ಪ್ರವೇಶ ಮುಗಿಯುವಷ್ಟರಲ್ಲೇ ಹನ್ನೊಂದಾಗುತ್ತದೆ, ದುರ್ಯೋಧನ ಅಳುವುದು ಬೆಳಗಿನ ಜಾವಕ್ಕೆ. ಶಾಲು ಇರಲಿ, ನಡುವೆ ಎದ್ದು ಬರಬೇಡಿ. ಹಾರ ಹಾಕಲೇಬೇಕೆಂದಿದ್ದರೆ, ದಯವಿಟ್ಟು, ಆತ ಪೂರಾ ಅತ್ತು ಮುಗಿಸಿದ ಮೇಲೆ ಹಾಕಿ.